ಶ್ರಾವಣದಲ್ಲಿ ಅಕ್ಕ ಬಿಟ್ಟ ಗುಳಿಗೆ

ನಮ್ಮ ಕಡೆ ಶ್ರಾವಣ ಬಂತೆಂದರೆ ಎಲ್ಲರೂ ಏನಾದರೊಂದು ಬಿಡುತ್ತಾರೆ. ಒಬ್ಬರು ಚಹಾ, ಒಬ್ಬರು ಉಳ್ಳಾಗಡ್ಡಿ, ಇನ್ನೊಬ್ಬರು ಎಲೆ-ತಂಬಾಕು. ಬೆಳಗ್ಗೆ ಸ್ನಾನ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಈ ತಿಂಗಳು ಇಂಥದ್ದನ್ನು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಬಿಟ್ಟಿದ್ದನ್ನು ಓಣಿಗೆಲ್ಲ ಹೇಳುತ್ತ ತಿರುಗುವುದನ್ನು ಮಾತ್ರ ಯಾರೂ ಬಿಡುವುದಿಲ್ಲ. ಆಳಂದದಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಶ್ರಾವಣದ ಮೊದಲ ವಾರ ಅಲ್ಲಿಗೆ ಬರುವ ಹೆಂಗಸರೆಲ್ಲ ತಲೆನೋವಿನ ಗುಳಿಗೆ ಕೇಳುತ್ತಾರೆ. ಅವರೆಲ್ಲ ಚಹಾ ಬಿಟ್ಟವರು. ನಾನು ನಗುತ್ತ ಕೊಡುತ್ತಿದ್ದೆ. ನಾಲ್ಕು ವರ್ಷದ ಹಿಂದೆ ನನ್ನ ಅಕ್ಕ ನಿದ್ದೆಯ ಗುಳಿಗೆ ಬಿಟ್ಟಳು. ಆಮೇಲೆ ನಾನು ಆ ವಾರ ಯಾರೊಂದಿಗೂ ನಗುವುದಿಲ್ಲ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಆರು. ಅಲ್ಲಿಂದ ಮುಂದೆ ನನ್ನ ತಲೆ ಬಾಚಿದ್ದು, ಪಾಟಿಯ ಮೇಲೆ ಅಕ್ಷರ ತಿದ್ದಿಸಿದ್ದು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದ್ದು ಎಲ್ಲ ಅವಳೇ. ಅವಳು ಓದಿದ್ದು ಏಳನೆಯ ಇಯತ್ತೆ. ನಾನು ಕಲಬುರಗಿಗೆ ಹೋಗಿ ಫಾರ್ಮಸಿ ಓದುತ್ತೇನೆ ಎಂದಾಗ ಅಪ್ಪ ಬೇಡವೇ ಬೇಡ ಎಂದರು. ಅಷ್ಟೊತ್ತಿಗೆ ಅಕ್ಕ ಅಫಜಲಪುರ ತಾಲೂಕಿನ ಭೀಮಾ ದಂಡೆಯ ಊರೊಂದಕ್ಕೆ ಮದುವೆಯಾಗಿ ಹೋಗಿದ್ದಳು. ಸುದ್ದಿ ಕೇಳಿ ಬಸ್ಸು ಹತ್ತಿ ಬಂದವಳು ಅಪ್ಪನ ಎದುರು ಎರಡು ದಿನ ಊಟ ಬಿಟ್ಟು ಕುಳಿತಳು. ಮೂರನೆಯ ದಿನ ಅಪ್ಪ ಸೋತರು. ನಾನು ಓದಿದ್ದು ಅವಳ ಹಟದಿಂದ. ಇದನ್ನು ನಾನು ಯಾವತ್ತೂ ಮರೆತವಳಲ್ಲ.

ಭಾವ ಒಂದು ಮಧ್ಯಾಹ್ನ ಊಟ ಮಾಡಿ ಕಟ್ಟೆಗೆ ಒರಗಿದವರು ಮತ್ತೆ ಏಳಲಿಲ್ಲ. ಆಮೇಲೆ ಅಕ್ಕನಿಗೆ ಕಣ್ಣು ಮುಚ್ಚಿದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು. ನಾನೇ ಅವಳನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಅಲ್ಪ್ರಜೋಲಮ್ ಬರೆದರು, ಕಾಲು ಮಿಲಿಗ್ರಾಂ, ಮಲಗುವಾಗ ಒಂದು, ಹದಿನೈದು ದಿನ. ಹದಿನೈದು ದಿನ ಎಂಬುದರ ಕೆಳಗೆ ಗೆರೆಯನ್ನೂ ಎಳೆದಿದ್ದರು. ಆ ಚೀಟಿಯನ್ನು ಹನ್ನೊಂದು ವರ್ಷ ನಡೆಸಿದವಳು ನಾನು.

ತಿಂಗಳಿಗೊಮ್ಮೆ ಗುಳಿಗೆಯ ಸ್ಟ್ರಿಪ್ಪುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಅಫಜಲಪುರದ ಕಡೆ ಹೋಗುವ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆ. ಜೊತೆಗೆ ಒಂದು ಪಾಕೀಟು ಖಾರಾ ತಿಂಡಿ ಇಲ್ಲವೇ ಬಿಸ್ಕೀಟು. ಕಾಲು ಮಿಲಿಗ್ರಾಂ ಇದ್ದದ್ದು ಅರ್ಧ ಮಿಲಿಗ್ರಾಂ ಆಯಿತು. ಒಂದು ಇದ್ದದ್ದು ಎರಡಾಯಿತು, ಕಡೆಗೆ ದಿನಕ್ಕೆ ನಾಲ್ಕಾಯಿತು. ಬೇರೆ ಯಾರಾದರೂ ಚೀಟಿ ಇಲ್ಲದೆ ಅದೇ ಗುಳಿಗೆ ಕೇಳಿದರೆ ನಾನು ಮುಖ ಮೋರೆ ನೋಡದೆ ಬೈದು ಕಳಿಸುವವಳು. ಆಳಂದದಲ್ಲಿ ನನ್ನ ಬಾಯಿಗೆ ಹೆದರಿ ಮುಂದಿನ ಅಂಗಡಿಗೆ ಹೋಗುವವರಿದ್ದಾರೆ. ಅಕ್ಕನಿಗೆ ಮಾತ್ರ ನಾನು ಇಲ್ಲ ಎನ್ನಲಿಲ್ಲ. ಒಮ್ಮೆ ಅವಳಿಗೇ ಅನುಮಾನ ಬಂದಿತ್ತು.

“ಇದು ಹುಚ್ಚಿಗಿ ಕೊಡೋ ಔಷಧ ಅಂತಾರಲ್ಲ ಬೇ, ಖರೇನು?”

“ಇದು ಔಷಧನೇ ಅಲ್ಲ ಅಕ್ಕಾ,” ಎಂದಿದ್ದೆ. “ಬರೇ ನಿದ್ದಿ ಗುಳಗಿ. ಫಿಕರ್ ಮಾಡಬ್ಯಾಡ.”

ಅವಳ ಸಮಾಧಾನಕ್ಕೆ ಹೇಳಿದೆ ಎಂದುಕೊಂಡೆ. ಈಗ ಅನಿಸುತ್ತದೆ, ಅದು ನನ್ನ ಸಮಾಧಾನಕ್ಕೆ.

ಯಾಕೆಂದರೆ ಆ ಗುಳಿಗೆ ಏನು ಮಾಡುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಲೇಜಿನಲ್ಲಿ ನನಗೆ ಇಷ್ಟವಾದ ಪಾಠವೇ ಅದು. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಎಬ್ಬಿಸುವ ಸಂದೇಶ ಕಳಿಸುತ್ತವೆ, ಹಾಗೆಯೇ ಸುಮ್ಮನಿರು ಎನ್ನುವ ಸಂದೇಶವನ್ನೂ ಕಳಿಸುತ್ತವೆ. ಮಿದುಳಿನಲ್ಲಿ ಈ ಸುಮ್ಮನಿರಿಸುವ ಕೆಲಸದ ಬಹುಪಾಲು ಗಾಬಾ ಎಂಬ ಒಂದು ಸಣ್ಣ ವಸ್ತುವಿನದು. ಬೆನ್ನುಹುರಿಯಲ್ಲಿ ಗ್ಲೈಸಿನ್ ಕೂಡ ಅದೇ ಕೆಲಸ ಮಾಡುತ್ತದೆ. ಕೋಶದ ಪೊರೆಯಲ್ಲಿ ಐದು ತುಂಡುಗಳು ದುಂಡಗೆ ನಿಂತು, ನಡುವೆ ಒಂದು ಕಿಂಡಿ ಬಿಟ್ಟುಕೊಂಡಿರುತ್ತವೆ. ಅದೇ ಗ್ರಾಹಕ. ಗಾಬಾ ಬಂದು ಅಲ್ಲಿ ಕೂತಾಗ ಕಿಂಡಿ ತೆರೆಯುತ್ತದೆ, ಕ್ಲೋರೈಡ್ ಒಳಗೆ ಹರಿಯುತ್ತದೆ, ಕೋಶ ತಣ್ಣಗಾಗುತ್ತದೆ. ಅಕ್ಕನ ಗುಳಿಗೆ ತಾನಾಗಿ ಕಿಂಡಿಯನ್ನು ತೆರೆಯಲಾರದು. ಗಾಬಾ ಕೂತಿದ್ದಾಗ ಮಗ್ಗುಲಲ್ಲಿ ತಾನೂ ಕೂತು, ಕಿಂಡಿ ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ. ಹಳೆಯ ಕಾಲದ ನಿದ್ದೆಮದ್ದು ಬಾರ್ಬಿಟುರೇಟುಗಳು ಅದನ್ನು ಹೆಚ್ಚು ಹೊತ್ತು ತೆರೆದಿಡುತ್ತವೆ. ಹೆಚ್ಚು ಸಲಕ್ಕೂ ಹೆಚ್ಚು ಹೊತ್ತಿಗೂ ಇರುವ ವ್ಯತ್ಯಾಸ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ನಾನು ಚಿತ್ರ ಬಿಡಿಸಿ, ಬಣ್ಣ ಹಚ್ಚಿ ಬರೆದಿದ್ದೆ.

ಗುಳಿಗೆ ವರ್ಷಗಟ್ಟಲೆ ನಡೆದರೆ ಏನಾಗುತ್ತದೆ ಎಂಬುದನ್ನೂ ಬರೆದಿದ್ದೆ. ಮನೆಯಲ್ಲಿ ಮಕ್ಕಳ ಗದ್ದಲಕ್ಕೆ ಅಜ್ಜ ಒಂದು ಸಲ ಕೆಮ್ಮಿದರೆ ಎಲ್ಲ ಸುಮ್ಮನಾಗುತ್ತಿದ್ದರು ಎನ್ನಿ. ಹೊರಗಿನವನೊಬ್ಬ ದಿನಾ ಬಂದು ಗದರಿಸತೊಡಗಿದರೆ ಅಜ್ಜನ ಕೆಮ್ಮಿಗೆ ಕಿಮ್ಮತ್ತು ಉಳಿಯುವುದಿಲ್ಲ, ಮಕ್ಕಳು ಮಾತ್ರ ಇನ್ನೂ ಜೋರಾಗುತ್ತಾರೆ. ಹಾಗೆ ಗ್ರಾಹಕಗಳು ಮೊಂಡಾಗುತ್ತವೆ, ಎಬ್ಬಿಸುವ ಸಂದೇಶಗಳು ಬಲಿಯುತ್ತವೆ. ಆಗ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಡೆಯುವವರು ಯಾರೂ ಇರುವುದಿಲ್ಲ. ಕೈ ನಡುಗುತ್ತದೆ, ಇಲ್ಲದ ಸದ್ದು ಕೇಳುತ್ತದೆ, ಸೆಳೆತ ಬರುತ್ತದೆ, ಜೀವವೂ ಹೋಗಬಹುದು. ಆ ಉತ್ತರಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು.

ಪುಸ್ತಕದಲ್ಲಷ್ಟೇ ಓದಿದ್ದೆ ಎಂದು ಹೇಳಿ ಪಾರಾಗುವ ಹಾಗೂ ಇಲ್ಲ. ಓದು ಮುಗಿದ ಮೇಲೆ ಜೇವರ್ಗಿಯ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಮೂರು ತಿಂಗಳು ತರಬೇತಿಗೆ ಇದ್ದೆ. ಆಗ ನಿದ್ದೆಮದ್ದಿನ ಪುಡಿ ಬೆರೆಸಿದ ಸೇಂದಿ ಕುಡಿಯುವವರು ಆ ಕಡೆ ಇದ್ದರು. ಆ ಪುಡಿಯೂ ಹೆಂಡವೂ ಕೆಲಸ ಮಾಡುವುದು ಇದೇ ಗ್ರಾಹಕಗಳ ಮೇಲೆ. ಒಂದು ವಾರ ಎಲ್ಲೋ ಸೇಂದಿ ಬಂದ್ ಆಯಿತು. ನಾಲ್ಕನೆಯ ದಿನದಿಂದ ಗಂಡಸರನ್ನು ಎತ್ತಿಕೊಂಡು ಬರತೊಡಗಿದರು. ಒಬ್ಬ ಗೋಡೆಯ ಮೇಲಿನ ಇಲ್ಲದ ಹುಳಗಳನ್ನು ಆರಿಸುತ್ತಿದ್ದ. ಇನ್ನೊಬ್ಬ ಮಂಚದ ಮೇಲೆ ಬಿಲ್ಲಿನಂತೆ ಬಾಗಿ, ನಾಲಗೆ ಕಚ್ಚಿಕೊಂಡು ಸತ್ತ. ಅವನಿಗಾಗಿ ಸೆಳೆತ ನಿಲ್ಲಿಸುವ ಡಯಾಜೆಪಾಮ್ ಸೂಜಿಮದ್ದನ್ನು ಕಪಾಟಿನಿಂದ ತೆಗೆದುಕೊಟ್ಟವಳು ನಾನೇ, ಆದರೆ ತಡವಾಗಿತ್ತು. ಅಯ್ಯೋ ಪಾಪ, ಕುಡುಕರ ಹಣೆಬರಹ ಎಂದುಕೊಂಡು ಊಟಕ್ಕೆ ಹೋದೆ. ಮುಂಜಾನೆ ಎದ್ದು ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ನನ್ನ ಅಕ್ಕನ ತಲೆಯೊಳಗೂ ಅದೇ ಕಿಂಡಿಗಳಿವೆ ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮಂಥವರ ಮನೆಗಳಲ್ಲಿ ನಶೆ ಬೇರೆ, ಗುಳಿಗೆ ಬೇರೆ.

ಶ್ರಾವಣದ ಮೊದಲ ದಿನ ಅಕ್ಕ ಫೋನ್ ಮಾಡಿದಳು. ದನಿಯಲ್ಲಿ ಹುರುಪಿತ್ತು.

“ಈ ಸಲ ಏನ್ ಬಿಟ್ಟೀನಿ ಹೇಳು ನೋಡೋಣ.”

“ಚಹಾ?”

“ಚಹಾ ಎಲ್ಲಾರೂ ಬಿಡ್ತಾರ. ನಾ ಗುಳಗಿ ಬಿಟ್ಟೀನಿ. ನಿನ್ನಿದೇ ಕಡೀದು.”

ನನ್ನ ಕೈಯಲ್ಲಿದ್ದ ಕೆಮ್ಮಿನ ಔಷಧದ ಬಾಟಲಿ ಕೈಯಲ್ಲೇ ಉಳಿಯಿತು. “ಅಕ್ಕಾ, ಒಮ್ಮಿಗೇ ಬಿಡಬಾರದು,” ಎಂದೆ. “ಜರಾ ಜರಾ ಕಮ್ಮಿ ಮಾಡಬೇಕು. ಪಾವ್ ಪಾವ್ ಗುಳಗಿ.”

“ಲಿಂಗದ ಮುಂದ ಕುಂತು ಯಾರರ ಪಾವ್ ಪಾವ್ ಬಿಡ್ತಾರೇನ್ ಬೇ? ಬಿಟ್ಟೀನಂದ್ರ ಬಿಟ್ಟೀನಿ.”

“ಔಷಧಕ್ಕ ವ್ರತ ಇರಂಗಿಲ್ಲ ಅಕ್ಕಾ. ಬಿಪಿ ಗುಳಗಿ ಬಿಡ್ತಿಯೇನು?”

“ಅದು ಔಷಧ. ಇದು ಔಷಧ ಅಲ್ಲಂತ ನೀನೇ ಹೇಳಿದ್ದಿ. ಬರೇ ಚಟ ಅದ. ಚಟ ಬಿಡಾಕೇ ಶ್ರಾವಣ ಬರೋದು.”

ಆಗ ಒಂದೇ ಒಂದು ಮಾತು ಹೇಳಬೇಕಿತ್ತು: ಅಕ್ಕಾ, ನಾನು ಸುಳ್ಳು ಹೇಳಿದ್ದೆ. ಎದುರಿಗೆ ಗಿರಾಕಿಗಳು ನಿಂತಿದ್ದರು ಎಂಬ ನೆಪ ಇತ್ತು. ಅದಕ್ಕಿಂತ ಹೊಲಸಾದ ಕಾರಣವೊಂದಿತ್ತು. ಅವಳಾಗಿಯೇ ಬಿಟ್ಟರೆ ನನ್ನ ಹನ್ನೊಂದು ವರ್ಷದ ತಪ್ಪು ಯಾರಿಗೂ ತಿಳಿಯದೆ ಮುಚ್ಚಿಹೋಗುತ್ತದೆ ಎಂದು ಒಳಗೊಳಗೇ ನನಗೆ ಹಗುರವಾಯಿತು. ಎರಡು ದಿನಕ್ಕೆ ತಡೆಯಲಾರದೆ ತಾನೇ ಗುಳಿಗೆ ನುಂಗುತ್ತಾಳೆ, ಆಗ ನಿಧಾನವಾಗಿ ಕಡಿಮೆ ಮಾಡಿದರಾಯಿತು ಎಂದು ಲೆಕ್ಕ ಹಾಕಿದೆ. ಅಪ್ಪನ ಎದುರು ಊಟ ಬಿಟ್ಟು ಕುಳಿತವಳನ್ನು ಕಣ್ಣಾರೆ ಕಂಡಿದ್ದೂ ಹಾಗೆ ಲೆಕ್ಕ ಹಾಕಿದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೂರನೆಯ ದಿನ ಸಂಜೆ ನಾನೇ ಫೋನ್ ಮಾಡಿದೆ. ದನಿ ಗುರುತೇ ಸಿಗಲಿಲ್ಲ.

“ಕೈ ನಡಗಾಕತ್ಯಾವ. ಮೈಮ್ಯಾಲ ಇರಿವಿ ಹರದಂಗ ಆಗ್ತದ. ಸೊಸಿ ಪಾತ್ರಿ ಇಟ್ರ ತಲಿಮ್ಯಾಲ ಇಟ್ಟಂಗ ಆಗ್ತದ,” ಎಂದಳು. ಆಮೇಲೆ ಹೇಳಿದಳು: “ಹಿತ್ತಲದಾಗ ನಿಮ್ಮ ಭಾವ ಕೆಮ್ಮಿದಂಗ ಕೇಳಾಕತ್ತದ ಬೇ.”

“ಅಕ್ಕಾ, ಈಗಿಂದೀಗ ಒಂದು ಗುಳಗಿ ತಗೋ.”

“ಇದೂ ಒಂದು ಪರೀಕ್ಷಾನೇ. ತಡಕೊಂತೀನಿ.”

ಸೊಸೆ ಫೋನ್ ಇಸಿದುಕೊಂಡಳು. ಒಳ್ಳೆಯ ಹುಡುಗಿ, ಅಕ್ಕನ ಮಗ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆಂದು ಭೂಸನೂರಿನಲ್ಲೇ ಹೆಚ್ಚು ಇರುವುದರಿಂದ ಅತ್ತೆಯ ಜೊತೆ ಇರುವವಳು ಅವಳೊಬ್ಬಳೇ. “ಸಣ್ಣತ್ತಿ, ಮನ್ಯಾಗ ಒಂದೂ ಗುಳಗಿ ಇಲ್ರಿ. ಎಲ್ಲಾ ಒಯ್ದು ಹೊಳ್ಯಾಗ ಚೆಲ್ಲಿ ಬಂದಾರ್ರಿ,” ಎಂದಳು. ಈಗಲೇ ಆಸ್ಪತ್ರೆಗೆ ಕರೆದೊಯ್ಯಿ ಎಂದು ಹೇಳಬೇಕಾದವಳು ನಾನು. ಹೇಳಿದರೆ ಅಲ್ಲಿ ಯಾರು ಕೊಟ್ಟರು, ಎಷ್ಟು ವರ್ಷ ಎಂದು ಕೇಳುತ್ತಾರೆ. ನಾಳೆ ಬೆಳಗ್ಗೆ ನಾನೇ ಬರುತ್ತೇನೆ ಎಂದೆ.

ಮೊದಲ ಬಸ್ಸಿಗೆ ಹೊರಟೆ. ಪರ್ಸಿನಲ್ಲಿ ಎರಡು ಗುಳಿಗೆಗಳನ್ನು ಪುಡಿ ಮಾಡಿ ಕಾಗದದಲ್ಲಿ ಮಡಚಿಕೊಂಡಿದ್ದೆ. ಒಪ್ಪದಿದ್ದರೆ ಹಾಲಿನಲ್ಲಿ ಬೆರೆಸಿ ಕುಡಿಸುವುದು, ಶಕ್ತಿಯ ಪುಡಿ ಎನ್ನುವುದು. ಒಂದು ಸುಳ್ಳು ಆಗಿತ್ತು, ಇದು ಎರಡನೆಯದು. ನಾನು ಮನೆ ಮುಟ್ಟಿದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಸೊಸೆ ಬಾಗಿಲಲ್ಲೇ ತಡೆದು ದನಿ ತಗ್ಗಿಸಿ ಹೇಳಿದಳು:

“ಪೂಜಾಕ್ಕ ಕುಂತಾರ್ರಿ. ಈಗ ಮಾತಾಡ್ಸೂಹಂಗಿಲ್ರಿ.”

ಒಳಗೆ ದೇವರ ಕೋಣೆಯಲ್ಲಿ ಅಕ್ಕನ ಬೆನ್ನು ಕಾಣುತ್ತಿತ್ತು. ಎಡಗೈಯಲ್ಲಿ ಲಿಂಗ, ಅದರ ಮೇಲೆ ನೆಟ್ಟ ದೃಷ್ಟಿ. ತೋಳು ನಡುಗಿ ವಿಭೂತಿ ಸೀರೆಯ ಮೇಲೆ ಉದುರುತ್ತಿತ್ತು. ಲಿಂಗಪೂಜೆಗೆ ಕೂತವರನ್ನು ನಮ್ಮಲ್ಲಿ ಯಾರೂ ಕರೆಯುವುದಿಲ್ಲ. ಮನೆಗೆ ಬೆಂಕಿ ಬಿದ್ದರಷ್ಟೇ ಕರೆದಾರು. ಹುಟ್ಟಿದಾಗಿನಿಂದ ಕಲಿತದ್ದು ಕೈಕಾಲು ಕಟ್ಟಿಹಾಕಿತು. ನಾನು ಹೊಸ್ತಿಲ ಆಚೆ ಕುಳಿತೆ. ಅರ್ಧ ತಾಸು ಕುಳಿತೆ. ಆ ಪುಡಿ ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಆ ಅರ್ಧ ತಾಸಿನಲ್ಲಿ ಅದು ಸೇರಲು ಶುರುವಾಗುತ್ತಿತ್ತು. ಉಳಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ನಾನು ಮಾತ್ರ ಮನೆಗೆ ಬೆಂಕಿ ಬಿದ್ದಿದೆ ಎಂದು ತಿಳಿದೂ ಮರ್ಯಾದೆಯಿಂದ ಕುಳಿತಿದ್ದೆ.

ಅಕ್ಕ ಒಮ್ಮೆ ಉದ್ದಕ್ಕೆ ಕೂಗಿದಳು. ಅದು ಅವಳ ದನಿಯಲ್ಲ, ಎದೆಯ ಗಾಳಿ ಹೊರಬಿದ್ದ ಸದ್ದು. ಎಡಕ್ಕೆ ಉರುಳಿದಳು. ಮೈ ಸೆಟೆಯಿತು, ಆಮೇಲೆ ಜಗ್ಗತೊಡಗಿತು. ಮಗ್ಗುಲಿಗೆ ಹೊರಳಿಸಿ ತಲೆ ಹಿಡಿದುಕೊಂಡೆ. ಓಣಿಯ ಹೆಂಗಸರು ಓಡಿಬಂದರು. ಒಬ್ಬಳು ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ಜಜ್ಜಿ ತಂದಳು, ಇನ್ನೊಬ್ಬಳು ಕಬ್ಬಿಣದ ಕೀಲಿಕೈ ತಂದು ಕೈಯಲ್ಲಿ ಕೊಡಿ ಎಂದಳು. ಆ ಕೈಯಲ್ಲಿ ಲಿಂಗ ಇತ್ತು. ಬೆರಳುಗಳು ಅದರ ಮೇಲೆ ಬಿಗಿದುಹೋಗಿದ್ದವು. ದೂರ ಸರೀರಿ ಎಂದು ನಾನು ಎಲ್ಲರ ಮೇಲೂ ಹರಿಹಾಯ್ದೆ. ಹರಿಹಾಯಲು ನನಗೇನು ಅಧಿಕಾರವಿತ್ತು, ಈಗಲೂ ನಾಚಿಕೆಯಾಗುತ್ತದೆ.

ಪಕ್ಕದ ಮನೆಯ ಮುಸ್ಲಿಂ ಹಿರಿಯರು ತಮ್ಮ ಟಂಟಂ ಗಾಡಿ ಬಾಗಿಲಿಗೆ ತಂದರು. “ತಲಿ ಗಟ್ಟಿ ಹಿಡಕೊಂಡ್ ಕುಂದರ್ರಿ ಬಾಯಿ, ಜಲ್ದಿ ಒಯ್ತೀನಿ,” ಎಂದು ಹೇಳಿ ಗಾಡಿ ಓಡಿಸಿದರು. ದಾರಿಯಲ್ಲಿ ಅಕ್ಕನಿಗೆ ಎರಡನೆಯ ಸಲ ಸೆಳೆತ ಬಂತು. ಆಸ್ಪತ್ರೆಯ ಮಂಚದ ಮೇಲೆ ಹಾಕುವಾಗ ಮೂರನೆಯದು. ಚಿಕ್ಕ ವಯಸ್ಸಿನ ವೈದ್ಯರು ನರ ಹುಡುಕುತ್ತಲೇ ಕೇಳಿದರು:

“ಏನರ ಗುಳಗಿ ತಗೋತಿದ್ರೇನ್ರಿ?”

ಹೆಸರು, ಪ್ರಮಾಣ, ಎಷ್ಟು ವರ್ಷ, ನಿಲ್ಲಿಸಿ ಎಷ್ಟು ದಿನ ಎಲ್ಲ ಹೇಳಿದೆ.

“ಯಾರ್ ಕೊಡ್ತಿದ್ರು?”

“ನಾನ್ರಿ. ಮೆಡಿಕಲ್ ಅದರಿ ನಂದು.”

ಅವರು ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದರು. ಸೂಜಿ ಒಳಗೆ ಹೋಯಿತು. ಗುಳಿಗೆಯ ಜಾತಿಯದೇ ಮದ್ದು. ಮೊಂಡಾದ ಕಿಂಡಿಗಳನ್ನು ಬಲವಂತದಿಂದ ತೆರೆಸಲು ಈಗ ಅದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ನಾನು ಅಕ್ಕನ ಎಡಗೈ ಹಿಡಿದು ನಿಂತಿದ್ದೆ. ಒಂದು ನಿಮಿಷ, ಎರಡು ನಿಮಿಷ. ಮೊದಲು ಹೆಬ್ಬೆರಳು ಸಡಿಲಾಯಿತು, ಆಮೇಲೆ ಉಳಿದವು. ಬೆವರಿನಿಂದ ಒದ್ದೆಯಾದ ಲಿಂಗ ನನ್ನ ಅಂಗೈಗೆ ಜಾರಿತು. ಅವಳ ವ್ರತ ಮುರಿದ ಕ್ಷಣ ಅದು ಎಂದು ನನಗೆ ತಿಳಿದಿತ್ತು. ಬದುಕಿದಳು ಎಂದು ನಾನು ಅತ್ತೆ.

ಅಲ್ಲಿಂದ ಕಲಬುರಗಿಗೆ ಕರೆದೊಯ್ದರು. ಸೆಳೆತದ ಜಗ್ಗಾಟಕ್ಕೆ ಎಡ ಭುಜದ ಕೀಲು ಜಾರಿತ್ತು, ನಾಲಗೆ ಸೀಳಿತ್ತು, ಪುಪ್ಪುಸಕ್ಕೆ ಜೊಲ್ಲು ಇಳಿದು ಜ್ವರ ಬಂದಿತ್ತು. ಐದನೆಯ ದಿನ ಅಕ್ಕ ತಿಳಿಯಾಗಿ ಕಣ್ಣು ಬಿಟ್ಟಳು. ಕಿಟಕಿಯಲ್ಲಿ ಹಗಲಿನ ಬೆಳಕಿತ್ತು, ನಾನೊಬ್ಬಳೇ ಇದ್ದೆ. ಸೀಳಿದ ನಾಲಗೆಯಿಂದ ನಿಧಾನವಾಗಿ ಕೇಳಿದಳು:

“ಏನ್ ಸೂಜಿ ಮಾಡಿದ್ರು ನನಗ?”

ಗ್ಲೂಕೋಸು ಎನ್ನಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. “ಅದೇ ಗುಳಗಿ ಜಾತಿದು ಅಕ್ಕಾ,” ಎಂದೆ. “ಒಮ್ಮಿಗೇ ಬಿಟ್ರ ಹಿಂಗಾಗ್ತದ. ಈಗೂ ಕೊಡಾಕತ್ತಾರ. ನಿಧಾನಕ್ಕ ಕಮ್ಮಿ ಮಾಡ್ತಾರ.”

“ಹಿಂಗಾಗ್ತದಂತ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಯಾವಾಗಿಂದ?”

“ಮೊದಲಿಂದ.”

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. “ನೀ ಓದಿದಾಕಿ, ನೀ ಕಳಿಸ್ತಿ ಅಂತ ನಾ ತಿಂದೆ,” ಎಂದಳು. ಅಷ್ಟೇ ಹೇಳಿ ಆ ಕಡೆ ಮುಖ ತಿರುಗಿಸಿದಳು.

ಕಡಿಮೆ ಮಾಡುವುದಕ್ಕೆ ಹತ್ತು ತಿಂಗಳು ಹಿಡಿಯಿತು. ವೈದ್ಯರು ಪರಿಣಾಮ ನಿಧಾನವಾಗಿ ಇಳಿಯುವ ಬೇರೆ ಗುಳಿಗೆ ಬರೆದು, ವಾರ ವಾರ ಎಷ್ಟು ಎಂದು ಚೀಟಿ ಕೊಟ್ಟರು. ಪ್ರತಿ ಭಾನುವಾರ ಅಂಗಡಿ ಮುಚ್ಚಿ ನಾನು ಅಕ್ಕನ ಊರಿಗೆ ಹೋಗುತ್ತಿದ್ದೆ. ಪಡಸಾಲೆಯಲ್ಲಿ ಕೂತು, ಹೊಸ ಬ್ಲೇಡಿನಿಂದ ಗುಳಿಗೆಗಳನ್ನು ಅರ್ಧ, ಕಾಲು, ಅರೆಕಾಲು ಕತ್ತರಿಸಿ ಏಳು ಪೊಟ್ಟಣ ಕಟ್ಟುತ್ತಿದ್ದೆ. ಅಕ್ಕ ಎದುರಿಗೇ ಕೂತಿರುತ್ತಿದ್ದಳು. ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಸೊಸೆಗೆ ಕೊಡಬೇಕು, ಸೊಸೆ ಚೀಟಿ ಓದಿ, ತಾಳೆ ನೋಡಿ, ಅತ್ತೆಗೆ ಕೊಡಬೇಕು. “ಇದು ಎಷ್ಟದ ಅಂತ ಚೀಟ್ಯಾಗ ಓದು,” ಎಂದು ಸೊಸೆಗೆ ಹೇಳುವಳು. ಆ ಹುಡುಗಿ ಸಂಕೋಚದಿಂದ ನನ್ನ ಮುಖ ನೋಡಿ ಓದುವಳು. ಅಕ್ಕ ನನಗೆ ಊಟ ಹಾಕಿಸುತ್ತಿದ್ದಳು, ಇನ್ನೊಂದು ರೊಟ್ಟಿ ಎನ್ನುತ್ತಿದ್ದಳು. ನನ್ನ ಮನೆಯ ವಿಚಾರ, ಅಂಗಡಿಯ ವಿಚಾರ, ಮೊದಲು ಬಾಯಿ ಬಿಡಿಸಿ ಕೇಳುತ್ತಿದ್ದ ಒಂದನ್ನೂ ಕೇಳುತ್ತಿರಲಿಲ್ಲ. ಎಡ ಭುಜ ಸರಿಹೋಗಲಿಲ್ಲ. ಪೂಜೆಗೆ ಕೂತರೆ ಸೊಸೆ ಕೆಳಗಿನಿಂದ ಮೊಣಕೈ ಹಿಡಿದುಕೊಳ್ಳಬೇಕು. ಒಮ್ಮೆ ನಾನು ಹಿಡಿಯಲು ಹೋದಾಗ ಅಕ್ಕ ಕೈಯನ್ನು ಮಡಿಲಿಗೆ ಇಳಿಸಿಕೊಂಡು, ಸೊಸೆ ಒಳಗಿಂದ ಬರುವ ತನಕ ಕಾದಳು.

ಅಕ್ಕನಿಗೆ ನಿದ್ದೆ ಮೊದಲಿನಂತೆ ಬರಲಿಲ್ಲ. ಎರಡು ತಾಸು, ಮೂರು ತಾಸು. ಮೊಂಡಾದ ಗ್ರಾಹಕಗಳು ಚೇತರಿಸಿಕೊಳ್ಳುತ್ತವೆ, ತಿಂಗಳುಗಳೇ ಬೇಕು ಎಂದು ವೈದ್ಯರು ಹೇಳಿದ್ದರು. ಚೇತರಿಸಿಕೊಂಡವು ಕೂಡ. ನಡುಕ ನಿಂತಿತು, ಹಿತ್ತಲ ಕೆಮ್ಮು ನಿಂತಿತು. ಕಾರಹುಣ್ಣಿಮೆ ಮುಗಿದ ವಾರ ಕೊನೆಯ ಅರೆಕಾಲು ಗುಳಿಗೆಯೂ ಮುಗಿಯಿತು. ಮುಂದಿನ ಭಾನುವಾರ ಕತ್ತರಿಸುವುದಕ್ಕೆ ಏನೂ ಇರದಿದ್ದರೂ ನಾನು ಹೋದೆ. ಸಜ್ಜಕ ಮಾಡಿಸಿಕೊಂಡು ಹೋಗಿದ್ದೆ. ಇವತ್ತು ಮಾತಾಡಿಯೇ ಬರಬೇಕು ಎಂದು ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಊಟವಾಯಿತು. ಅಕ್ಕ ಸಜ್ಜಕ ಉಂಡಳು, ಛಲೋ ಆಗ್ಯಾದ ಎಂದಳು. ಜೋಡಿಸಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದೆ. ಮೊದಲೆಲ್ಲ ಆಗಿದ್ದರೆ ಅಂಗಳದ ತನಕ ಬಂದು, ಹೋಗಿ ಬಾ ಎನ್ನುತ್ತಿದ್ದಳು. ಅವತ್ತು ಕೂತಲ್ಲಿಂದಲೇ ತಲೆ ಎತ್ತಿದಳು.

“ಇನ್ನ ಮುಂದ ನೀ ಬರೂದು ಬ್ಯಾಡ ಅಲ್ಲ?” ಎಂದಳು. “ಗುಳಗಿ ಮುಗದಾವಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹೌದಕ್ಕಾ, ಮುಗದಾವ ಎಂದೆ.